ದನಿ ತಗ್ಗಿಸಲು ಕಲಿತ ವರ್ಷಗಳು

ಕಲಬುರಗಿಯ ಡಾ. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಾಟಕ ಮುಗಿಸಿ ಬಣ್ಣ ಒರೆಸಿಕೊಳ್ಳುತ್ತಿರುವಾಗ ಒಳಗೆ ಬರುವ ಹುಡುಗರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಕಂಪನಿ ನಾಟಕದಿಂದ ಸಿನಿಮಾದವರೆಗೆ ಹೇಗೆ ಹೋದಿರಿ? ಯಾರ ಪರಿಚಯದಿಂದ ಹೋದೆ, ಯಾರು ಕೈಹಿಡಿದರು ಎಂಬುದು ಅವರಿಗೆ ಬೇಕಾದ ಉತ್ತರವೆಂದು ಗೊತ್ತಿದ್ದರೂ ನಾನು ಪ್ರತಿ ಸಲ ಹೇಳುವುದು ದನಿಯ ವಿಷಯವನ್ನೇ. ಕಂಪನಿಯ ರಂಗದ ಮೇಲೆ ಒಮ್ಮೆ, ಹವ್ಯಾಸಿ ರಂಗಭೂಮಿಯಲ್ಲಿ ಇನ್ನೊಮ್ಮೆ, ಕ್ಯಾಮೆರಾದ ಎದುರು ಮತ್ತೊಮ್ಮೆ, ಹೀಗೆ ಮೂರು ಸಲ ನಾನು ಮಾತಾಡುವುದನ್ನೇ ಮೊದಲಿನಿಂದ ಕಲಿಯಬೇಕಾಯಿತು. ಮಾಡಿದ ಪಾತ್ರಗಳ ಪಟ್ಟಿಗಿಂತ ಆ ಕಲಿಕೆಯೇ ನನ್ನ ನಿಜವಾದ ಬಾಳುವೆಯೆಂದು ನಂಬಿರುವುದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಜೇವರ್ಗಿ ತಾಲ್ಲೂಕಿನಲ್ಲಿ, ಭೀಮಾ ನದಿಗೆ ಹತ್ತಿರದಲ್ಲಿದೆ. ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಊರ ಜಾತ್ರೆ ಬರುತ್ತಿತ್ತು, ಜಾತ್ರೆಗೆ ಒಂದು ನಾಟಕ ಆಗಲೇಬೇಕಿತ್ತು. ಪಾತ್ರ ಬೇಕೆನ್ನುವವರು ಪಟ್ಟಿಯ ಹಣ ಕೊಡಬೇಕು, ಸೀನರಿಯನ್ನೂ ಸ್ತ್ರೀಪಾತ್ರದ ಕಲಾವಿದೆಯರನ್ನೂ ಹೊರಗಿನಿಂದ ಕರೆಸಬೇಕು, ಎಲ್ಲಕ್ಕಿಂತ ಮೊದಲು ಒಬ್ಬ ಮಾಸ್ತರರನ್ನು ಗೊತ್ತು ಮಾಡಬೇಕು. ನಮಗೆ ಸಿಕ್ಕ ಮಾಸ್ತರರು ಹತ್ತಾರು ವರ್ಷ ಕಂಪನಿಗಳಲ್ಲಿ ಹಾರ್ಮೋನಿಯಂ ಬಾರಿಸಿ ಬಂದವರು. ಹದಿನೇಳನೆಯ ವಯಸ್ಸಿನಲ್ಲಿ ನನಗೆ ಅವರು ಕೊಟ್ಟ ಮೊದಲ ಪಾತ್ರ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ಶಕುನಿ. ಹನುಮಂತರಾಯರ ಗದ್ಯವನ್ನು ಒಮ್ಮೆ ಬಾಯಿಪಾಠ ಮಾಡಿದವರಿಗೆ ಅದರ ತೂಕ ಗೊತ್ತಿರುತ್ತದೆ. ಪ್ರಾಸದ ಮೇಲೆ ಪ್ರಾಸ ಏರಿ, ಸಮಾಸದ ಬೆನ್ನಿಗೆ ಸಮಾಸ ಬಂದು, ಉಸಿರನ್ನು ಎಲ್ಲಿ ಎಳೆದುಕೊಳ್ಳಬೇಕೆಂಬುದು ತಿಳಿಯದಿದ್ದರೆ ನಡುವೆಯೇ ದಮ್ಮು ಹತ್ತುತ್ತದೆ.

ಮಾಸ್ತರರು ಗದ್ಯವನ್ನೂ ಶ್ರುತಿಯ ಮೇಲೆಯೇ ಹೇಳಿಸುತ್ತಿದ್ದರು. ಹಾರ್ಮೋನಿಯಂನ ಒಂದು ಮನೆಯನ್ನು ಒತ್ತಿ ಹಿಡಿದು, ಆ ಸ್ವರಕ್ಕಿಂತ ಕೆಳಗೆ ಮಾತು ಬೀಳಬಾರದೆಂದು ಕಣ್ಣಿನಲ್ಲೇ ಎಚ್ಚರಿಸುತ್ತಿದ್ದರು. ಊರ ಹೊರಗಿನ ಹಳ್ಳದ ಒಂದು ದಂಡೆಯಲ್ಲಿ ನನ್ನನ್ನು ನಿಲ್ಲಿಸಿ, ಇನ್ನೊಂದು ದಂಡೆಯಲ್ಲಿ ತಾವು ಕುಳಿತು ಮಾತು ಒಪ್ಪಿಸಿಕೊಂಡ ಸಂಜೆಗಳು ನನಗೆ ಇಂದಿಗೂ ನೆನಪಿವೆ. ನಾನು ಗಂಟಲು ಹರಿಯುವಂತೆ ಕೂಗಿದಾಗ ಅವರು ಕೈ ಅಲ್ಲಾಡಿಸಿ ಬೇಡವೆಂದರು. ಹಳ್ಳ ದಾಟಿ ಬಂದು, “ತಮ್ಮಾ, ಒದರಬ್ಯಾಡ. ಮಾತಿನ ತಲಿ ಮುಟ್ಟಲತ್ತದ, ಬಾಲ ಮುಟ್ಟಲತಿಲ್ಲ. ಬಾಲ ಬಿಡಬ್ಯಾಡ” ಎಂದರು.

ಅದರ ಅರ್ಥ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಕನ್ನಡದಲ್ಲಿ ಕ್ರಿಯಾಪದ ಇರುವುದು ವಾಕ್ಯದ ಕೊನೆಯಲ್ಲಿ. ಮಾಡಿದೆನೋ ಮಾಡಲಿಲ್ಲವೋ, ಬರುತ್ತೇನೋ ಬರುವುದಿಲ್ಲವೋ ಎಂಬ ನಿರ್ಧಾರವೆಲ್ಲ ಕೊನೆಯ ಒಂದೆರಡು ಅಕ್ಷರಗಳಲ್ಲಿ ಕೂತಿರುತ್ತದೆ. ಉಸಿರು ಮುಗಿಯುವುದೂ ಅಲ್ಲಿಯೇ. ಹೊಸ ನಟನ ವಾಕ್ಯ ಜೋರಾಗಿ ಎದ್ದು ಕೊನೆಗೆ ಸೋತು ಬೀಳುತ್ತದೆ, ಮುಂದಿನ ಸಾಲಿನವನು ಹೇಗೋ ಊಹಿಸಿಕೊಳ್ಳುತ್ತಾನೆ, ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗೆ ಶಕುನಿ ಏನು ನಿಶ್ಚಯಿಸಿದನೆಂಬುದೇ ಗೊತ್ತಾಗುವುದಿಲ್ಲ. ಆದ್ದರಿಂದ ಉಸಿರಿನ ನಾಲ್ಕಾಣೆ ಪಾಲನ್ನು ಕೊನೆಗೆಂದು ಕಾದಿರಿಸಬೇಕು. ನಟನೆಯ ಬಗ್ಗೆ ಆಮೇಲೆ ನಾನು ಕಲಿತದ್ದು ಬಹಳವಿದೆಯಾದರೂ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಪಾಠ ಇನ್ನೊಂದಿಲ್ಲ.

1992ರಲ್ಲಿ, ಹೋಳಿ ಹುಣ್ಣಿಮೆಯ ನಂತರ ಕಲಬುರಗಿಯಲ್ಲಿ ನಡೆಯುವ ಶರಣಬಸವೇಶ್ವರ ಜಾತ್ರೆಗೆ ಕ್ಯಾಂಪು ಹಾಕಿದ್ದ ಒಂದು ನಾಟಕ ಕಂಪನಿಗೆ ಮಾಸ್ತರರೇ ನನ್ನನ್ನು ಕರೆದುಕೊಂಡು ಹೋದರು. ತಗಡಿನ ಥೇಟರು, ಮಣ್ಣಿನ ನೆಲ, ಹಿಂದೆ ಕಲಾವಿದರ ಸಂಸಾರಗಳು ಇರುವ ಗುಡಾರಗಳು. ಹತ್ತು ಮಾರು ದೂರದಲ್ಲಿ ತೊಟ್ಟಿಲಿನವರು ತಮ್ಮ ಮೈಕಿನಲ್ಲಿ ಕೂಗುತ್ತಿದ್ದರು, ಆ ಕಡೆ ಸರ್ಕಸ್ಸಿನ ಬ್ಯಾಂಡು. ಕಂಪನಿಯಲ್ಲಿ ರಂಗದ ಮುಂಭಾಗದ ಮೇಲ್ಗಡೆ ಮೈಕುಗಳನ್ನು ಇಳಿಬಿಟ್ಟಿರುತ್ತಿದ್ದರು. ಮುಖ್ಯವಾದ ಮಾತು ಬಂದಾಗ ನಟ ತಾನಾಗಿಯೇ ಎರಡು ಹೆಜ್ಜೆ ಮುಂದೆ ಬಂದು ಅದರ ಕೆಳಗೆ ನಿಲ್ಲುತ್ತಿದ್ದ. ಚಪ್ಪಾಳೆ ಏಳುವವರೆಗೆ ತಡೆಯಬೇಕು, ಅದು ಇಳಿಯುವ ಮೊದಲೇ ಮುಂದಿನ ಮಾತನ್ನು ಎತ್ತಿಕೊಳ್ಳಬೇಕು. ಅರ್ಧ ಕ್ಷಣ ತಡವಾದರೆ ಜನ ಕೈಬಿಟ್ಟು ಹೋಗುತ್ತಾರೆ.

ನಾನಾ ಪಾತ್ರಗಳನ್ನು ಮಾಡುವ ಶಕ್ತಿ ನನಗೆ ಬಂದದ್ದು ಪ್ರತಿಭೆಯಿಂದಲ್ಲ, ಕಂಪನಿಯ ಕೊರತೆಯಿಂದ. ನಾಯಕನಿಗೆ ಜ್ವರ ಬಂದರೆ ಆ ರಾತ್ರಿ ಬೇರೊಬ್ಬ ನಿಲ್ಲಬೇಕು, ಮುದುಕನ ಪಾತ್ರದವರು ಊರಿಗೆ ಹೋದರೆ ಇಪ್ಪತ್ತರ ಹುಡುಗನೇ ಬಿಳಿ ಮೀಸೆ ಅಂಟಿಸಿಕೊಳ್ಳಬೇಕು. ಹಾಗಾಗಿ ಎಲ್ಲರ ಗದ್ಯವೂ ಎಲ್ಲರಿಗೂ ಬಾಯಿಗೆ ಬರುತ್ತಿತ್ತು. ಒಂದೇ ವಾರದಲ್ಲಿ ನಾನು ಸಾಹುಕಾರನ ಮಗನಾಗಿ, ಅದೇ ಸಾಹುಕಾರನಾಗಿ, ಅವನ ಮನೆಯ ಆಳಾಗಿ ನಿಂತದ್ದುಂಟು. ಹಾಸ್ಯ ಪಾತ್ರದ ಹಿರಿಯರೊಬ್ಬರು, ಪಾತ್ರ ಬದಲಾದಾಗ ಮೀಸೆಯನ್ನಲ್ಲ, ಉಸಿರಿನ ಜಾಗವನ್ನು ಬದಲಿಸಬೇಕೆಂದು ತೋರಿಸಿಕೊಟ್ಟರು: ಸಾಹುಕಾರ ಹೊಟ್ಟೆಯಿಂದ ಮಾತಾಡುತ್ತಾನೆ, ಆಳು ಎದೆಯ ಮೇಲ್ಭಾಗದಿಂದ, ಮುದುಕ ಗಂಟಲಿನಿಂದ. ಮಳೆಗಾಲದಲ್ಲಿ ಪಗಾರ ನಿಂತು ಹೋದಾಗಲೂ ನಾನು ಅಲ್ಲಿಯೇ ಉಳಿದದ್ದು ಇಂಥ ಪಾಠಗಳಿಗಾಗಿ.

ಕಂಪನಿ ರಂಗಭೂಮಿ ನಮ್ಮ ಸಿನಿಮಾಕ್ಕೆ ಕೊಟ್ಟದ್ದನ್ನು ಜನ ಬೇಗ ಮರೆಯುತ್ತಾರೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ನಾಯಕರಾಗಿ ಬಂದಾಗ ಅವರ ಬೆನ್ನಿಗಿದ್ದದ್ದು ಗುಬ್ಬಿ ಕಂಪನಿಯ ತಾಲೀಮು, ಆ ಸ್ಪಷ್ಟ ಅಕ್ಷರಗಳು ಅಲ್ಲಿ ಬಂದವು. ನಮ್ಮ ಉತ್ತರದ ಕಡೆ ಏಣಗಿ ಬಾಳಪ್ಪನವರ ಬಸವಣ್ಣನ ಪಾತ್ರವನ್ನು ಕಂಡವರು ಅವರು ಹಾಡುವುದಕ್ಕೂ ಮಾತಾಡುವುದಕ್ಕೂ ನಡುವೆ ಗೆರೆ ಕಾಣುತ್ತಿರಲಿಲ್ಲವೆಂದು ಹೇಳುತ್ತಿದ್ದರು. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ರಾಜಕುಮಾರ್ ಅಭಿನಯದ ಸಿನಿಮಾ ಆಯಿತು. ನಾನು ನಾಟಕದಲ್ಲಿ ಪಾತ್ರ ಮಾಡುತ್ತಿದ್ದ ದಿನಗಳಲ್ಲೇ ಆ ಸಿನಿಮಾವನ್ನು ಟಾಕೀಸಿನಲ್ಲಿ ನೋಡಿದೆ. ರಂಗದ ಮೇಲೆ ನಾವು ಜನರಿಗೆ ಮುಖಮಾಡಿ ಹೇಳುತ್ತಿದ್ದುದನ್ನು ರಾಜಕುಮಾರ್ ಎದುರಿಗಿದ್ದ ಒಬ್ಬ ಮನುಷ್ಯನಿಗೆ ಹೇಳುತ್ತಿದ್ದರು. ಆ ವ್ಯತ್ಯಾಸ ನನ್ನ ತಲೆಯಲ್ಲಿ ಮುಳ್ಳಿನಂತೆ ಉಳಿಯಿತು.

ಅದೇ ಮುಳ್ಳು ನನ್ನನ್ನು ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಕರೆದೊಯ್ದಿತು. ಅಲ್ಲಿನ ನೀನಾಸಮ್ ಹುಟ್ಟಿದ್ದು 1949ರಲ್ಲಿ. ರಂಗಶಿಕ್ಷಣ ಕೇಂದ್ರ ಆರಂಭವಾದದ್ದು 1980ರಲ್ಲಿ, ಊರೂರಿಗೆ ನಾಟಕ ಒಯ್ಯುವ ತಿರುಗಾಟ 1985ರಲ್ಲಿ. ನಮ್ಮ ಕಡೆಯ ಸುಡುಬಿಸಿಲಿನಿಂದ ಹೋದವನಿಗೆ ಆ ಎಡೆಬಿಡದ ಮಳೆ, ಅಡಿಕೆ ತೋಟ, ಬೆಳಗಿನ ಚಳಿ ಎಲ್ಲವೂ ಪರದೇಶದಂತೆ ಕಂಡವು. ಮೊದಲ ತಿಂಗಳಿನಲ್ಲಿ ನಾನು ಬಾಯಿ ತೆರೆದರೆ ಸಹಪಾಠಿಗಳು ತಿರುಗಿ ನೋಡುತ್ತಿದ್ದರು, ಏಕೆಂದರೆ ನೀರು ಕೇಳುವಾಗಲೂ ನನ್ನ ದನಿ ಕೊನೆಯ ಸಾಲನ್ನು ಹುಡುಕುತ್ತಿತ್ತು. ಅಲ್ಲಿ ನನಗೆ ಕಲಿಸಿದ್ದು ಕೇಳಿಸಿಕೊಳ್ಳುವುದನ್ನು. ಎದುರಿನ ಪಾತ್ರ ಮಾತು ಮುಗಿಸುವುದನ್ನು ಕಾಯುವುದಷ್ಟೇ ಕೇಳುವುದಲ್ಲ, ಅವನ ಮಾತು ನನ್ನೊಳಗೆ ಏನನ್ನು ಅಲುಗಿಸಿತೆಂಬುದನ್ನು ಗಮನಿಸಿ ನನ್ನ ಮಾತು ಅಲ್ಲಿಂದಲೇ ಹುಟ್ಟುವಂತೆ ಮಾಡಬೇಕು. ಕಂಪನಿಯಲ್ಲಿ ನನ್ನ ಗದ್ಯ ನನ್ನ ಸೊತ್ತಾಗಿತ್ತು. ಇಲ್ಲಿ ಅದು ಇಬ್ಬರ ನಡುವಿನ ಸೊತ್ತಾಯಿತು. ಒಪ್ಪಿಕೊಳ್ಳಲು ಬಹಳ ಕಷ್ಟಪಟ್ಟೆ, ಎರಡು ಸಲ ಪೆಟ್ಟಿಗೆ ಕಟ್ಟಿ ಊರಿಗೆ ಹೊರಟು ನಿಂತೆ.

ಅಲ್ಲಿಂದ ಬಂದ ಮೇಲಿನ ಕೆಲವು ವರ್ಷಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಊರೂರಲ್ಲಿ ನಾಟಕ ಕಲಿಸಿದೆ, ಕಲಬುರಗಿಯ ತಂಡಗಳಲ್ಲಿ ಅಭಿನಯಿಸಿದೆ. ಗಿರೀಶ ಕಾರ್ನಾಡರ ‘ತಲೆದಂಡ’ದ ಬಿಜ್ಜಳನನ್ನು ಮಾಡಿದ್ದು ಆ ಕಾಲದಲ್ಲಿಯೇ. 1990ರಲ್ಲಿ ಬಂದ ಆ ನಾಟಕ ನಡೆಯುವುದು ಕಲ್ಯಾಣದಲ್ಲಿ, ಅಂದರೆ ನಮ್ಮ ಪಕ್ಕದ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ. ಅಧಿಕಾರವಿರುವಾಗ ಗುಡುಗುವ ಬಿಜ್ಜಳ ಕೊನೆಗೆ ಎಲ್ಲರಿಂದ ದೂರವಾಗಿ ಗುಡಿಯ ಕತ್ತಲೆಯಲ್ಲಿ ಕೂರುತ್ತಾನೆ. ಗುಡುಗಿಗೆ ಮಾಸ್ತರರ ಹಳ್ಳ ಸಾಕಾಗಿತ್ತು, ಕತ್ತಲೆಗೆ ಹೆಗ್ಗೋಡಿನ ಮಳೆಗಾಲ ಬೇಕಾಯಿತು. ಒಂದೇ ಪಾತ್ರದಲ್ಲಿ ಎರಡೂ ಶಾಲೆಗಳನ್ನು ಒಟ್ಟಿಗೆ ಬಳಸಿದ್ದು ಅದೇ ಮೊದಲು.

ಖಾಸಗಿ ವಾಹಿನಿಗಳು ಹೆಚ್ಚಾದಂತೆ ಧಾರಾವಾಹಿಗಳೂ ಹೆಚ್ಚಾಗಿ ರಂಗಭೂಮಿಯ ನಟರಿಗೆ ಬೆಂಗಳೂರಿನಿಂದ ಕರೆ ಬರತೊಡಗಿತು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಹೋದೆ. ಮೊದಲ ದಿನದ ಮೊದಲ ಶಾಟಿನಲ್ಲಿ ನಾನು ಮಾತು ಶುರುಮಾಡಿದ ಕೂಡಲೇ ಕಟ್ ಹೇಳಿದ ನಿರ್ದೇಶಕರು ಹತ್ತಿರ ಬಂದು, ಕ್ಯಾಮೆರಾ ಎಷ್ಟು ದೂರದಲ್ಲಿದೆ ನೋಡಿ, ಅಷ್ಟು ದೂರದಲ್ಲಿ ನಿಮ್ಮ ಮಗಳು ನಿಂತಿದ್ದರೆ ಹೀಗೆ ಮಾತಾಡುತ್ತಿದ್ದಿರಾ ಎಂದು ಮೆಲ್ಲಗೆ ಕೇಳಿದರು. ಆ ಮಾತಿಗಾಗಿ ನಾನು ಅವರಿಗೆ ಎಂದೆಂದೂ ಋಣಿ. ಕ್ಲೋಸ್‌ಅಪ್ಪಿನಲ್ಲಿ ಹುಬ್ಬು ಒಂದು ಎಳೆಯಷ್ಟು ಏರಿದರೂ ಅದು ಒಂದು ವಾಕ್ಯವಾಗುತ್ತದೆ. ಕತೆಯ ಕೊನೆಯ ದೃಶ್ಯವನ್ನು ಬೆಳಿಗ್ಗೆ ತೆಗೆದು, ಮೊದಲ ದೃಶ್ಯವನ್ನು ಸಂಜೆ ತೆಗೆಯುತ್ತಾರೆ. ಚಹಾದ ಕಪ್ಪನ್ನು ಯಾವ ಮಾತಿನ ಮೇಲೆ ಎತ್ತಿದೆನೋ ಮುಂದಿನ ಕೋನದಲ್ಲೂ ಅದೇ ಮಾತಿನ ಮೇಲೆ ಎತ್ತಬೇಕು. ರಂಗದ ನಟನಿಗೆ ಇದೆಲ್ಲ ಆರು ತಿಂಗಳಲ್ಲಿ ರೂಢಿಯಾಗುತ್ತದೆ. ನನಗೆ ರೂಢಿಯಾಗದೆ ಉಳಿದದ್ದು ಬೇರೆಯೇ ಒಂದು ಸಂಗತಿ.

ಒಂದು ಸಿನಿಮಾದಲ್ಲಿ ನನಗೆ ಕಟ್ಟಡದ ಕಾವಲುಗಾರನ ಪಾತ್ರ ಬಂತು, ಮೂರು ದೃಶ್ಯಗಳು. ಸೆಟ್ಟಿನಲ್ಲಿ ಸಹ ನಿರ್ದೇಶಕರು, ನಿಮ್ಮ ಗುಲ್ಬರ್ಗದ ಭಾಷೆಯನ್ನು ಇನ್ನಷ್ಟು ಎಳೆದು ಹೇಳಿ, ಜನ ನಗಬೇಕು ಎಂದರು. ಪಾತ್ರ ಹೇಳುತ್ತಿದ್ದ ವಿಷಯದಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಅವನು ತನ್ನ ಮಗುವಿನ ಜ್ವರದ ಬಗ್ಗೆ ಹೇಳುತ್ತಿದ್ದ. ಹೊಸಬನಾದ ನಾನು ಎಳೆದು ಹೇಳಿದೆ. ಸಿನಿಮಾ ಬಂದಮೇಲೆ ಬೆಂಗಳೂರಿನ ಒಂದು ಚಹಾದ ಅಂಗಡಿಯಲ್ಲಿ ಚಿತ್ತಾಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದಿದ್ದವರೊಬ್ಬರು ನನ್ನ ಗುರುತು ಹಿಡಿದು ಚಹಾ ಕೊಡಿಸಿದರು. ಆಮೇಲೆ ತಲೆ ತಗ್ಗಿಸಿಕೊಂಡು, “ಸರ್, ನಾವು ಅಳೂ ಮಾತ ಆಡಿದ್ರೂ ಇಲ್ಲಿ ಮಂದಿ ನಗ್ತಾರ್ರಿ. ನೀವೂ ಹಂಗೇ ಮಾಡಿದ್ರಿ” ಎಂದರು. ಅವರ ಕೊರಳಿನಲ್ಲಿ ಸಿಟ್ಟಿರಲಿಲ್ಲ. ಆ ಚಹಾ ನನ್ನ ಗಂಟಲಿನಲ್ಲಿ ಇಳಿಯಲಿಲ್ಲ.

ಅಂದಿನಿಂದ ನಮ್ಮ ಮಾತನ್ನು ನಗೆಗಾಗಿ ಎಳೆಯುವುದನ್ನು ಬಿಟ್ಟೆ, ಅದರಿಂದ ಕೆಲವು ಪಾತ್ರಗಳು ಕೈತಪ್ಪಿದವು. ಕಾವೇರಿಯಿಂದ ಗೋದಾವರಿಯವರೆಗಿನ ನಾಡೇ ಕನ್ನಡವೆಂದು ಹೇಳಿದ ಗ್ರಂಥ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮಳಖೇಡದ ಆಸ್ಥಾನದಲ್ಲಿ ಹುಟ್ಟಿತು. ಆ ಮಳಖೇಡ ಇರುವುದು ನಮ್ಮ ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯಲ್ಲಿ. ಅಂಥ ನೆಲದ ಮಾತು ಕಾವಲುಗಾರನ ಬಾಯಲ್ಲಿ ಮಾತ್ರ, ಅದೂ ನಗೆಗಾಗಿ ಮಾತ್ರ ಕೇಳಿಸುವುದನ್ನು ನಾನು ಇಂದಿಗೂ ಒಪ್ಪಲಾರೆ.

ಇನ್ನೊಂದು ಸಿನಿಮಾದಲ್ಲಿ ಇದರ ತಿರುವುಮುರುವು ನಡೆಯಿತು. ಪಟ್ಟಣಕ್ಕೆ ಹೊರಟ ಮಗ ತಾಯಿಯ ಕೈಹಿಡಿದು ಬೀಳ್ಕೊಳ್ಳುವ ದೃಶ್ಯ. ನಾನು ಸೆಟ್ಟಿನಲ್ಲಿ, “ಅವ್ವಾ, ನಾ ಹೊಂಟೀನಿ” ಎಂದೆ, ಎಲ್ಲರೂ ಒಪ್ಪಿದರು. ಎರಡು ತಿಂಗಳ ಮೇಲೆ ಡಬ್ಬಿಂಗಿಗೆ ಹೋದಾಗ ಕಾಗದದ ಮೇಲೆ “ಅಮ್ಮಾ, ನಾನು ಹೊರಟಿದ್ದೇನೆ” ಎಂದಿತ್ತು. ಎಲ್ಲ ಕಡೆಯವರಿಗೂ ಅರ್ಥವಾಗಬೇಕೆಂದು ಹೀಗೆ ಬದಲಿಸಿದ್ದೇವೆ ಎಂದರು. ಡಬ್ಬಿಂಗ್ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಸೆಟ್ಟಿನಲ್ಲಿ ಆಡಿದ ಮಾತನ್ನು ಕೇಳುತ್ತ, ಪರದೆಯ ಮೇಲಿನ ತುಟಿಗೆ ಮಾತು ಕೂರಿಸಬೇಕು. ಪ, ಬ, ಮ ಬಂದರೆ ತುಟಿ ಮುಚ್ಚಲೇಬೇಕು. “ಅಮ್ಮಾ” ಎಂದರೆ ಎರಡೂ ತುಟಿಗಳು ಒಂದಕ್ಕೊಂದು ಕೂಡಿ ನಿಲ್ಲುತ್ತವೆ. “ಅವ್ವಾ” ಎಂದಾಗ ಅವು ಹಾಗೆ ಕೂಡುವುದಿಲ್ಲ, ನಡುವೆ ಗಾಳಿ ಆಡುವಷ್ಟು ಸಂದು ಉಳಿಯುತ್ತದೆ. ಪರದೆಯ ತುಂಬ ನನ್ನ ಮುಖವಿತ್ತು, ತೆರೆದ ತುಟಿಗಳು ಅವ್ವನನ್ನು ಕರೆಯುತ್ತಿದ್ದವು, ನಾನು ಮೈಕಿನ ಮುಂದೆ ನಿಂತು ಅಮ್ಮನನ್ನು ಕರೆಯುತ್ತಿದ್ದೆ. “ಹೊಂಟೀನಿ” ಮುಗಿದು ಬಾಯಿ ಸುಮ್ಮನಾದ ಮೇಲೂ “ಹೊರಟಿದ್ದೇನೆ” ಇನ್ನೂ ಬಾಲ ಎಳೆಯುತ್ತಿತ್ತು. ಹದಿನಾರು ಟೇಕುಗಳಾದವು. ಕೊನೆಗೆ ಆ ಶಾಟನ್ನು ತಾಯಿಯ ಮುಖಕ್ಕೆ ಬದಲಿಸಿ ನನ್ನ ದನಿಯನ್ನು ಹಿಂದಿನಿಂದ ಕೇಳಿಸಿದರು. ಸಿನಿಮಾ ನೋಡಿದ ನಮ್ಮವ್ವ ಕೇಳಿದ್ದು ಒಂದೇ: “ನೀ ಯಾರಿಗಿ ಅಮ್ಮ ಅಂದೀ?”

ಇದಾಗಿ ಹಲವು ವರ್ಷಗಳ ನಂತರ ಹೊಸ ಹುಡುಗರ ಒಂದು ಚಿಕ್ಕ ತಂಡ ಕಲಬುರಗಿಗೆ ಬಂದು, ಹೊಲ ಮಾರಲು ಒಪ್ಪದ ತೊಗರಿ ರೈತನೊಬ್ಬನ ಕತೆಯನ್ನು ಸಿನಿಮಾ ಮಾಡಿತು. ಆ ರೈತ ನಾನು. ಡಬ್ಬಿಂಗ್ ಇಲ್ಲ, ಜಾಗದಲ್ಲೇ ದನಿ ತೆಗೆದುಕೊಳ್ಳುತ್ತೇವೆ ಎಂದು ಅವರು ಹೇಳಿದಾಗ ನನಗೆ ಆದ ಸಂತೋಷವನ್ನು ಬರೆದು ತಿಳಿಸಲಾರೆ. ಸಿಂಕ್ ಸೌಂಡಿನ ಕಷ್ಟ ಆಮೇಲೆ ಗೊತ್ತಾಯಿತು. ನಮ್ಮ ಮೇ ತಿಂಗಳ ಬಿಸಿಲು ನಲವತ್ತೆರಡು ಡಿಗ್ರಿ ದಾಟುತ್ತದೆ. ಫರಸಿ ಹಾಸಿದ ಮನೆಯೊಳಗೆ ಫ್ಯಾನು ತಿರುಗುವಂತಿಲ್ಲ, ಏಕೆಂದರೆ ಅದರ ಸದ್ದು ಮಾತಿನ ಕೆಳಗೆ ಸೇರಿಬಿಡುತ್ತದೆ. ಓಣಿಯಲ್ಲಿ ಟಂಟಂ ಹೋದರೆ ನಿಲ್ಲಿಸಬೇಕು, ಮಸೀದಿಯ ಆಜಾನ್ ಮುಗಿಯುವವರೆಗೆ ಕಾಯಬೇಕು, ಟಗರು ಕೂಗಿದರೆ ಮತ್ತೆ ಮೊದಲಿನಿಂದ ಹೇಳಬೇಕು. ದನಿ ಹಿಡಿಯುವ ಹುಡುಗ ನನ್ನ ಅಂಗಿಯೊಳಗೆ ಕಡಲೆಕಾಳಿನಷ್ಟು ಚಿಕ್ಕ ಮೈಕನ್ನು ಅಂಟಿಸಿ, “ಕಾಕಾ, ನೀವು ಉಸುರು ಬಿಟ್ರೂ ಕೇಳಸ್ತದ್ರಿ” ಎಂದ.

ಕೊನೆಯ ದೃಶ್ಯದಲ್ಲಿ ಮಗ ಕಾಗದಪತ್ರ ಮುಂದೆ ಹಿಡಿದು ಸಹಿ ಕೇಳುತ್ತಾನೆ. ರೈತನಿಗೆ ಇರುವುದು ಒಂದೇ ಮಾತು: “ಹೊಲ ನಾ ಮಾರೂದಿಲ್ಲ.” ಮೊದಲ ಟೇಕಿನಲ್ಲಿ ಗಟ್ಟಿಯಾಗಿ ಹೇಳಿದೆ, ಎರಡನೆಯದರಲ್ಲಿ ತಗ್ಗಿಸಿದೆ, ಮೂರನೆಯದರಲ್ಲಿ ಮಾತು ನನ್ನ ಕಿವಿಗೇ ಬೀಳದಷ್ಟು ತಗ್ಗಿತು. ನಿರ್ದೇಶಕನ ಕಣ್ಣು ತುಂಬಿತು, ಅದೇ ಇರಲಿ ಎಂದ. ಹಳ್ಳದ ಆ ದಂಡೆಗೆ ಕೂಗುತ್ತಿದ್ದವನು ಇಷ್ಟು ತಗ್ಗಿಸಿ ಮಾತಾಡಬಲ್ಲೆನೆಂದು ನನಗೂ ಆ ದಿನ ಸಮಾಧಾನವಾಯಿತು.

ಸಿನಿಮಾ ಮೊಬೈಲಿನಲ್ಲಿ ನೋಡಲು ಸಿಗುವಂತಾದ ಮೇಲೆ ಮಾಸ್ತರರ ಊರಿಗೆ ಹೋದೆ. ಎಂಬತ್ತು ದಾಟಿದ ಅವರಿಗೆ ಕಣ್ಣು ಮಂಜಾಗಿದೆ, ಕಿವಿಯೂ ಮೊದಲಿನಂತಿಲ್ಲ. ಕೊನೆಯ ಹತ್ತು ನಿಮಿಷ ತೋರಿಸುತ್ತೇನೆಂದು ಮೊಬೈಲು ಮುಂದೆ ಹಿಡಿದರೆ, ಅವರು ಅದನ್ನು ಇಸಿದುಕೊಂಡು ನೇರವಾಗಿ ಬಲಗಿವಿಗೆ ಒತ್ತಿಕೊಂಡರು. ಪರದೆಯ ಬೆಳಕು ಅವರ ಬಿಳಿಗೂದಲಿನ ಮೇಲೆ ಆಡುತ್ತಿತ್ತು, ಬೆರಳು ಮೊಣಕಾಲಿನ ಮೇಲೆ ಮನೆ ಒತ್ತುವಂತೆ ನಿಂತಿತ್ತು. ಮುಗಿದಮೇಲೆ ಬಹಳ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದರು.

“ತಮ್ಮಾ, ಆ ಮುದುಕ ಹೊಲ ಮಾರತಾನೋ, ಮಾರೂದಿಲ್ಲೋ?”

“ಮಾರೂದಿಲ್ರಿ, ಮಾಸ್ತರ್.”

“ನನಗ ‘ಮಾರೂದು’ ಅಷ್ಟೇ ಕೇಳಸ್ತು” ಎಂದರು.

ಆ ರಾತ್ರಿ ಕಲಬುರಗಿಗೆ ಮರಳಿದವನು ಹೆಡ್‌ಫೋನು ಹಾಕಿಕೊಂಡು ಆ ಒಂದು ಮಾತನ್ನು ಮತ್ತೆ ಮತ್ತೆ ಕೇಳಿದೆ. ತುಟಿಯ ಮೇಲೆ ‘ಇಲ್ಲ’ ಇದೆ, ಕಣ್ಣಿನಲ್ಲಿಯೂ ಇದೆ. ದನಿಯಲ್ಲಿ ಆ ಜಾಗದಲ್ಲಿ ಉಸಿರು ಮಾತ್ರ ಉಳಿದಿದೆ.